ಅಣ್ಣನ ಸಾಲು, ತಮ್ಮನ ಸಾಲು

೧೭ ಸೆಪ್ಟೆಂಬರ್ ೧೯೪೪, ಭಾನುವಾರ, ಸಂಜೆ

ಚರ್ಚಿಗೆ ಎರಡು ಸಲ ಹೋಗಿ ಬಂದದ್ದಾಯಿತು. ಕಾಲು ನೋವು. ಇವತ್ತೂ ಅದೇ ಕಥೆ. ರಸ್ತೆಯ ಎಡಗಡೆ ನನ್ನ ಯಜಮಾನರು ವಿಸ್ಸೆ, ಬಲಗಡೆ ಮೈದುನ ಮರಿನಸ್. ಒಬ್ಬಳೇ ತಾಯಿ ಹೆತ್ತವರು, ಒಬ್ಬನೇ ದರ್ಜಿ ಹೊಲಿದ ಕರಿ ಕೋಟು, ಒಂದೇ ನಡಿಗೆ. ಒಂದು ಮಾತಿಲ್ಲ. ಚೌಕದಲ್ಲಿ ಇವರು ಚರ್ಚಿನ ಕಡೆ ತಿರುಗಿದರು, ಅವನು ಗಾಡಿ ಮಾಡುವವನ ಕೊಟ್ಟಿಗೆಯ ಕಡೆ. ಚರ್ಚು ಬಿಟ್ಟು ಹೋದವರು ಈಗ ಪ್ರಾರ್ಥನೆ ಮಾಡುವುದು ಅಲ್ಲೇ.

ಆಗಸ್ಟಿನಲ್ಲಿ ಚರ್ಚು ಒಡೆದದ್ದು. ಕೂಸಿಗೆ ದೀಕ್ಷಾಸ್ನಾನ ಮಾಡಿಸುವಾಗ ದೇವರ ಕೃಪೆ ಆಗಲೇ ಅದರೊಳಗೆ ಇದೆ ಎಂದುಕೊಳ್ಳಬೇಕೋ, ಅಥವಾ ದೇವರು ಮಾತು ಕೊಟ್ಟಿದ್ದಾನೆ, ಅಷ್ಟು ಸಾಕು ಅನ್ನಬೇಕೋ... ಇದು ಜಗಳ. ಇವರು ಮೊದಲನೆಯ ಪಕ್ಷ, ಮರಿನಸ್ ಎರಡನೆಯದು. ನಾಲ್ಕು ವರ್ಷದಿಂದ ಜರ್ಮನರು ನಮ್ಮ ದ್ವೀಪದ ಮೇಲೆ ಕೂತಿದ್ದಾರೆ. ಅವರ ವಿಷಯದಲ್ಲಿ ಅಣ್ಣ ತಮ್ಮಂದಿರಿಗೆ ಭಿನ್ನಾಭಿಪ್ರಾಯವಿಲ್ಲ, ಜಗಳವೆಲ್ಲ ಕೂಸಿನ ಬಗ್ಗೆ. ನಾನು ನಾಲ್ಕು ಹೆತ್ತೆ, ಮೂರನ್ನು ಮಣ್ಣಿಗೆ ಕೊಟ್ಟೆ, ಒಂದು ಸಲವೂ ಈ ಪ್ರಶ್ನೆ ತಲೆಗೆ ಬರಲಿಲ್ಲ. ಹಾಗೆ ಹೇಳಿದ್ದಕ್ಕೆ ಇವರು ಒಂದು ವಾರ ನನ್ನೊಡನೆಯೂ ಮಾತು ಬಿಟ್ಟರು. ಆ ವಾರ ಮನೆ ತಣ್ಣಗಿತ್ತು. ಅದಕ್ಕೂ ದೇವರಿಗೆ ಕೃತಜ್ಞಳು.

ಪ್ರವಚನದ ನಡುವೆ ವಿಮಾನಗಳ ಸದ್ದು. ಮುಗಿಯುವುದೇ ಇಲ್ಲವೇನೋ ಅನ್ನುವಷ್ಟು. ಪಾದ್ರಿ ದನಿ ಏರಿಸಿದರು, ವಿಮಾನಗಳೂ ಏರಿಸಿದವು. ಹೊರಗೆ ಬಂದು ನೋಡಿದರೆ ಎಲ್ಲ ಪೂರ್ವಕ್ಕೆ ಹೋಗುತ್ತಿವೆ. ಜರ್ಮನರದಲ್ಲ, ನಮ್ಮ ಕಡೆಯವರದು.

ಬಸುರಿ ಮಗಳು ಮಾಯ್ಕೆಗೆ ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಿದೆ. ಅಳಿಯ ಪೌಲಸ್‌ನನ್ನು ಮೇ ತಿಂಗಳಲ್ಲಿ ಜರ್ಮನಿಯ ಕಾರ್ಖಾನೆಗೆ ಎಳೆದೊಯ್ದರು. ಬದುಕಿದ್ದಾನೆ ಅಂದುಕೊಂಡಿದ್ದೇವೆ. ನನ್ನ ಚಿಂತೆ ಹೆರಿಗೆಯದು. ಈ ಬೀದಿಯ ಕೂಸುಗಳನ್ನೆಲ್ಲ ಹಿಡಿದವಳು ಕ್ರೀನಾ, ಮರಿನಸ್‌ನ ಹೆಂಡತಿ. ಮಾಯ್ಕೆ ಹುಟ್ಟಿದಾಗ ಕಾಲು ಮುಂದಾಗಿ ಬಂದಳು. ಕ್ರೀನಾ ಇಲ್ಲದಿದ್ದರೆ ಆ ದಿನ ಇಬ್ಬರೂ ಹೋಗಿರುತ್ತಿದ್ದೆವು. ಊಟಕ್ಕೆ ಕೂತಾಗ ಅವಳ ಹೆಸರೆತ್ತಿದೆ.

"ಆಚೆಮನೆಯವರು ನಮ್ಮ ಹೊಸ್ತಿಲು ತುಳಿಯೋದು ಬೇಡ," ಅಂದರು ಇವರು. "ಮಿಡಲ್ಬರ್ಗ್‌ನಿಂದ ಡಾಕ್ಟರು ಬರ್ತಾರೆ."

ಮಾಯ್ಕೆ ತಟ್ಟೆ ನೋಡುತ್ತ ಕೂತಳು.

೨೭ ಸೆಪ್ಟೆಂಬರ್, ಬುಧವಾರ

ಬಟ್ಟೆ ಒಗೆದೆ. ಕ್ರೀನಾ ಕೂಡ ಒಗೆದಳು. ಎರಡು ಹೊಲಗಳ ನಡುವಿನ ಕಾಲುವೆಯ ಆಚೆ ಅವಳ ಹಗ್ಗ, ಈಚೆ ನನ್ನದು. ನಮಗಿಬ್ಬರಿಗೂ ಒಂದೇ ದಿನ ಬಟ್ಟೆ ಕೊಳೆಯಾಗುತ್ತದೆ, ಏನು ಮಾಡುವುದು.

ರೇಡಿಯೊ ಅವರಲ್ಲಿದೆ. ಇಬ್ಬರು ಸೇರಿ ಕೊಂಡದ್ದು, ಮರಿನಸ್‌ನ ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟದ್ದು. ಮೊದಲೆಲ್ಲ ಅಣ್ಣ ತಮ್ಮ ಒಂದೇ ಕಂಬಳಿಯೊಳಗೆ ತಲೆ ಹಾಕಿ ಲಂಡನ್ ಕೇಳುತ್ತಿದ್ದರು. ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನರು ಕೈಯೆತ್ತಿದ ದಿನ ಕೂದಲಲ್ಲಿ ಹುಲ್ಲು ಸಿಕ್ಕಿಸಿಕೊಂಡೇ ಅಡುಗೆಮನೆಗೆ ಬಂದು ಬೆನ್ನು ಬೆನ್ನು ತಟ್ಟಿಕೊಂಡರು. ನಾರ್ಮಂಡಿಯಲ್ಲಿ ಪಡೆ ಇಳಿದ ದಿನ ಮರಿನಸ್ ಅತ್ತ, ಇವರು ಅವನಿಗೆ ತಮ್ಮ ಕರವಸ್ತ್ರ ಕೊಟ್ಟರು. ಈಗ ಇವರಿಗೆ ಯುದ್ಧದ ಸುದ್ದಿ ಬೇಕಾದರೆ ನನ್ನ ಬಟ್ಟೆ ಒಣಗಬೇಕು.

ಕ್ರೀನಾ ಹಾಸಿಗೆ ಹೊದಿಕೆಯ ಹಿಂದಿನಿಂದ: "ಅಕ್ಕಾ, ಆರ್ನೆಮ್ ಹೋಯ್ತಂತೆ. ಆವತ್ತು ವಿಮಾನದಲ್ಲಿ ಹೋಗಿ ಸೇತುವೆ ಹಿಡ್ಕೊಂಡಿದ್ದವರು ಅಲ್ಲೇ ಸತ್ರು, ಮಿಕ್ಕವರು ನದಿ ದಾಟಿ ವಾಪಸ್ಸು."

"ಯುದ್ಧ ಕ್ರಿಸ್ಮಸ್‌ಗೆ ಮುಗಿಯುತ್ತೆ ಅಂದಿದ್ರಲ್ಲೇ?"

"ಯಾವ ಕ್ರಿಸ್ಮಸ್ ಅಂತ ಹೇಳಿರ್ಲಿಲ್ಲ." ಬಟ್ಟೆ ಕೊಡವಿದಳು. "ಈಗ ನಮ್ಮ ಸರದಿ ಅಂತಾನೆ ಮರಿನಸ್. ಆಂಟ್ವರ್ಪ್ ಬಂದರೇನೋ ಇಂಗ್ಲಿಷರ ಕೈಗೆ ಬಂತು, ಹಡಗು ನುಗ್ಗೋ ಬಾಯಿ ಮಾತ್ರ ಜರ್ಮನರ ಕೈಲೇ ಇದೆ. ಆ ಬಾಯಲ್ಲಿ ಕೂತಿರೋದು ನಾವು. ನಮ್ಮನ್ನ ಕೀಳದೆ ಅವರ ಟ್ಯಾಂಕಿಗೆ ಎಣ್ಣೆ ಇಲ್ಲ, ಹೊಟ್ಟೆಗೆ ಊಟ ಇಲ್ಲ."

ಇನ್ನೊಂದು ಬಟ್ಟೆ ಹರವುತ್ತ: "ಮಾಯ್ಕೆ ಹೇಗಿದ್ದಾಳೆ? ಕೂಸು ತಿರುಗಿದೆಯಾ?"

"ತಲೆ ಇನ್ನೂ ಪಕ್ಕೆಲುಬಿನ ಕೆಳಗೇ ಇದೆ."

"ಕರೀರಿ ನನ್ನನ್ನ. ಕರೆದ್ರೆ ಸಾಕು."

ಮಧ್ಯಾಹ್ನ ಇವರು ಬಾಗಿಲಲ್ಲಿ ನಿಂತು, "ಬಟ್ಟೆ ಒಣಗ್ತಾ?" ಅಂದರು.

"ಒಣಗಿತು. ಆರ್ನೆಮ್ ಹೋಯ್ತು."

ಹೊಲದ ಕಡೆ ಹೋದರು. ಆ ಹೊಲಕ್ಕೆ ಹೋದರೂ ಈಗ ಹೆದರಿಕೆ. ವಸಂತದಲ್ಲಿ ಜರ್ಮನರು ಊರಿನ ಗಂಡಸರ ಕೈಯಲ್ಲೇ ಹೊಲದ ತುಂಬ ಗೂಟ ನೆಡಿಸಿದರು, ವಿಮಾನ ಇಳಿಯದಿರಲಿ ಅಂತ. ಆಮೇಲೆ ಕೆಲವು ಗೂಟಕ್ಕೆ ತಾಗಿದರೆ ಸಿಡಿಯುವ ಮೈನು ಕಟ್ಟಿದರು. ನಮ್ಮ ತಗ್ಗಿನ ಕಡೆಯ ಸಾಲೆಲ್ಲ ಇವರು ನೆಟ್ಟದ್ದು, ದಾರ ಹಿಡಿದು, ನೆಟ್ಟಗೆ. ದಿಬ್ಬದ ಕಡೆ ಮರಿನಸ್ ನೆಟ್ಟದ್ದು, ಕುಡಿದವನು ನಡೆದ ಹಾಗೆ. "ಶತ್ರುವಿನ ಕೆಲಸ ಅಂತ ಹೀಗಾ ಮಾಡೋದು? ನಮ್ಮಪ್ಪನ ಮರ್ಯಾದೆ ಏನಾಗಬೇಕು?" ಅಂತ ಇವರು ಬೈದಿದ್ದರು. "ಅಪ್ಪ ಜರ್ಮನರಿಗೆ ಗೂಟ ನೆಟ್ಟಿರ್ಲಿಲ್ಲ, ಅಣ್ಣ," ಅಂದಿದ್ದ ಅವನು. ಆಗಿನ್ನೂ ಅಣ್ಣ ಅನ್ನುತ್ತಿದ್ದ.

೨ ಅಕ್ಟೋಬರ್, ಸೋಮವಾರ

ಬೆಣ್ಣೆ ಕಡೆಯುತ್ತಿದ್ದೆ. ಆಕಾಶದಿಂದ ಕಾಗದ ಬಿತ್ತು. ಇಂಗ್ಲಿಷರ ಎಚ್ಚರಿಕೆ — ದ್ವೀಪ ಬಿಡಿ, ತಗ್ಗಿನಲ್ಲಿ ಇರಬೇಡಿ. ಬಿಟ್ಟು ಎಲ್ಲಿಗೆ? ಸುತ್ತ ಸಮುದ್ರ. ಆಚೆ ದಾಟುವ ಒಂದೇ ದಾರಿಯಲ್ಲಿ ಪಹರೆ.

"ನಮ್ಮ ಕಡಲ ಒಡ್ಡನ್ನ ಅವರು ಮುಟ್ಟಲ್ಲ," ಅಂದರು ಇವರು. "ಒಡ್ಡು ಕಟ್ಟಿದವರಿಗೆ ಗೊತ್ತು ಅದರ ಬೆಲೆ."

"ಬಾಂಬು ಹಾಕೋರು ಒಡ್ಡು ಕಟ್ಟಿದವರಲ್ಲ, ಅಪ್ಪ," ಅಂದಳು ಮಾಯ್ಕೆ. "ಚಿಕ್ಕಪ್ಪನ ಮನೆ ದಿಬ್ಬದ ಮೇಲಿದೆ."

"ಇದೆ. ಇರಲಿ."

೩ ಅಕ್ಟೋಬರ್, ಮಂಗಳವಾರ, ಸಂಜೆ

ಒಡೆದರು. ವೆಸ್ಟ್‌ಕಪೆಲ್ಲೆಯ ಒಡ್ಡು, ನೀರು ನುಗ್ಗಿಸಿ ಜರ್ಮನರನ್ನು ಓಡಿಸಲು. ಮಧ್ಯಾಹ್ನವೆಲ್ಲ ವಿಮಾನ, ಸಾಲು ಸಾಲು. ಇಲ್ಲಿಯ ತನಕ ನೆಲ ನಡುಗಿತು, ಬೀರುವಿನ ಬಟ್ಟಲು ಒಂದಕ್ಕೊಂದು ಬಡಿದುಕೊಂಡವು. ಗಿರಣಿಯಲ್ಲಿ ಅಡಗಿದ್ದವರ ಮೇಲೆ ಗಿರಣಿಯೇ ಕುಸಿಯಿತಂತೆ, ಆಮೇಲೆ ನೀರು ಬಂತಂತೆ. ಒಡ್ಡಿನ ಕೆಲಸವೇ ಆ ಊರಿನ ಹೊಟ್ಟೆಪಾಡು, ತಾತ ಮುತ್ತಾತರಿಂದ.

ಇವರು ಅಂಗಳದಲ್ಲಿ ನಿಂತು ಆ ಕಡೆ ನೋಡುತ್ತಿದ್ದರು. ಟೋಪಿ ಕೈಯಲ್ಲಿತ್ತು.

ನಾವು ದೂರದಲ್ಲಿದ್ದೇವೆ. ಮೂವರೂ ಮನೆಯಲ್ಲಿದ್ದೇವೆ. ದೇವರೇ, ನಿನಗೆ ಕೃತಜ್ಞಳು. ಹೀಗೆ ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ.

೮ ಅಕ್ಟೋಬರ್, ಭಾನುವಾರ

ನಿನ್ನೆ ನಮ್ಮ ಕಡೆಯ ಒಡ್ಡೂ ಹೋಯಿತು, ಫ್ಲಿಸಿಂಗನ್ ಪಕ್ಕದ್ದು. ಬೆಳಗ್ಗೆ ಕಾಲುವೆ ತುಂಬಿತ್ತು, ನೀರು ಹಿಂದಕ್ಕೆ ಹರಿಯುತ್ತಿತ್ತು. ಬಾಯಿಗಿಟ್ಟು ನೋಡಿದೆ. ಉಪ್ಪು.

"ರೀ, ಆಲೂಗಡ್ಡೆ ಹೊಲದಲ್ಲೇ ಇದೆ. ಚಳಿಗಾಲದ್ದೆಲ್ಲ ಅಲ್ಲೇ ಗುಡ್ಡೆ ಹಾಕಿದ್ದೀವಿ. ಮೇಲಕ್ಕೆ ಸಾಗಿಸೋಣ."

"ಇವತ್ತು ಭಾನುವಾರ, ಕೆಲಸ ಮುಟ್ಟಬಾರದು."

"ಸಮುದ್ರಕ್ಕೆ ಗೊತ್ತಿಲ್ಲ."

"ನಮಗೆ ಗೊತ್ತು." ಎದ್ದರು. "ಹಸುಗಳನ್ನ ಹತ್ತಿಸ್ತೀನಿ. ಹಳ್ಳಕ್ಕೆ ಬಿದ್ದ ಎತ್ತನ್ನ ಈ ದಿನವೂ ಎತ್ತಬಹುದು. ಆಲೂಗಡ್ಡೆಗೆ ಪ್ರಾಣ ಇಲ್ಲ."

"ಅದನ್ನ ತಿನ್ನೋ ನಮಗಿದೆ."

"ನಾಳೆ, ನೇಲೆ. ಬೆಳಕು ಹರಿಯೋ ಮೊದಲೇ."

ಹಸುಗಳನ್ನು ಎತ್ತರದ ರಸ್ತೆಗೆ ಹತ್ತಿಸಿ ಬಿಟ್ಟರು. ದಿಬ್ಬದ ಮೇಲೆ ಮರಿನಸ್ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದ. ಅವನ ಬೀಟ್ರೂಟು ಕೂಡ ತಗ್ಗಿನಲ್ಲಿದೆ. ಅವನೂ ಮುಟ್ಟಲಿಲ್ಲ. ಇಬ್ಬರೂ ನೀರು ನೋಡುತ್ತ ಸಂಜೆಯ ತನಕ ಸುಮ್ಮನಿದ್ದರು. ಅದೊಂದರಲ್ಲಿ ಎರಡು ಚರ್ಚಿಗೂ ಒಮ್ಮತ.

೯ ಅಕ್ಟೋಬರ್

ಆಲೂಗಡ್ಡೆ ನೀರಿನಡಿಯಲ್ಲಿ. ಕೆಳಗಿನ ಕೋಣೆಯಲ್ಲಿ ಮಂಡಿಯುದ್ದ. ಮಾಯ್ಕೆಯನ್ನು ಅಟ್ಟಕ್ಕೆ ಹತ್ತಿಸಿದೆವು. ನಾನು ಇವರನ್ನು ಚುಚ್ಚಲಿಲ್ಲ. ಚುಚ್ಚಬೇಕೆಂದು ನಾಲಿಗೆ ತುದಿಗೆ ಬಂದಿತ್ತು.

ಹಸುಗಳು ತಾವಾಗಿಯೇ ದಿಬ್ಬ ಹತ್ತಿ ಮರಿನಸ್‌ನ ಕೊಟ್ಟಿಗೆಗೆ ಹೋಗಿ ನಿಂತಿವೆಯಂತೆ. ಅವಕ್ಕೆ ದೀಕ್ಷಾಸ್ನಾನದ ವಿಚಾರ ಯಾರೂ ಹೇಳಿಲ್ಲ.

೧೪ ಅಕ್ಟೋಬರ್, ಶನಿವಾರ

ಅಟ್ಟದ ಬದುಕು. ಭರತದಲ್ಲಿ, ಸಮುದ್ರ ಉಕ್ಕಿದಾಗ, ನೀರು ಏಣಿಯ ಮಧ್ಯಕ್ಕೆ ಬರುತ್ತದೆ, ಇಳಿತದಲ್ಲಿ ಬಾಗಿಲ ತನಕ ಹೋಗಿ ಕೆಸರು ಬಿಟ್ಟು ಬರುತ್ತದೆ. ಒಲೆಯನ್ನು ಮೇಲೆ ತಂದಿದ್ದೇವೆ. ಹಂದಿ ಕೊಯ್ದಾಗ ಬಿಸಿನೀರಲ್ಲಿ ಅದ್ದುವ ದೊಡ್ಡ ಮರದ ತೊಟ್ಟಿ ಮೆಟ್ಟಿಲಿಗೆ ಕಟ್ಟಿದೆ, ಭರತದಲ್ಲಿ ಅಂಗಳ ದಾಟಲು ಅದೇ ನಮ್ಮ ವಾಹನ. ಗುಂಡಗಿನ ಅಜ್ಜ ಅಂತ ಹೆಸರಿಟ್ಟಿದ್ದೇನೆ. ಮಾಯ್ಕೆ ನಕ್ಕಳು.

ಮಳೆನೀರಿನ ತೊಟ್ಟಿಗೆ ಉಪ್ಪುನೀರು ನುಗ್ಗಿದೆ. ಕುಡಿಯಲು ಹನಿ ಇಲ್ಲ ಅಂತ ಕೂತಿದ್ದೆ. ಬೆಳಗ್ಗೆ ಇಳಿತದಲ್ಲಿ ಇಳಿದು ನೋಡಿದರೆ ನಮ್ಮ ಗೇಟಿನ ಕಂಬಕ್ಕೆ ಎರಡು ಕ್ಯಾನು ತೂಗುತ್ತಿವೆ. ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಹಾಲು. ಸೊಂಟದ ತನಕ ನೀರಿನಲ್ಲಿ ರಸ್ತೆ ಹಿಡಿದು ಯಾರೋ ನಡೆದು ಬಂದಿದ್ದಾರೆ.

ಮೇಲೆ ತಂದೆ. ಇವರು ಒಂದು ಲೋಟ ನೀರು ಕುಡಿದರು. ಇನ್ನೊಂದು ಕುಡಿದರು. ಎಲ್ಲಿಂದ ಬಂತು ಅಂತ ಕೇಳಲಿಲ್ಲ.

"ಚೆನ್ನಾಗಿದೆ," ಅಂದರು.

"ಹೂಂ. ತಪ್ಪು ಪಕ್ಷದ ನೀರು, ಆದ್ರೂ ಸಿಹಿಯಾಗಿದೆ."

ನನ್ನನ್ನು ಒಂದು ಸಲ ನೋಡಿ, ಮೂರನೆಯ ಲೋಟ ಬಗ್ಗಿಸಿಕೊಂಡರು.

೧೯ ಅಕ್ಟೋಬರ್

ಕ್ಯಾನು ದಿನಾ ಬರುತ್ತಿದೆ. ನಿನ್ನೆ ಹಾಲಿನ ಕ್ಯಾನಿನ ಮುಚ್ಚಳದಲ್ಲಿ ಬೆಣ್ಣೆಯ ಮುದ್ದೆ. ದೇವರೇ, ಕ್ರೀನಾಳ ಕೈ ತಣ್ಣಗಿರಲಿ.

೨೪ ಅಕ್ಟೋಬರ್, ಮಂಗಳವಾರ

ಎರಡು ದಿನದಿಂದ ಕ್ಯಾನಿಲ್ಲ. ಕಿಟಕಿಯಿಂದ ನೋಡಿದರೆ ರಸ್ತೆಯೇ ಇಲ್ಲ. ಭರತ ಬಂದು ಹೋಗಿ ಬಂದು ಹೋಗಿ ಅಲ್ಲಿ ಹೊಳೆ ಕೊರೆದಿದೆ. ಇಳಿತದಲ್ಲಿ ಅದು ಸುಯ್ಯೆಂದು ಓಡುತ್ತದೆ, ಆನೆ ಇಳಿದರೂ ನಿಲ್ಲದು. ನೀರು ಸ್ವಲ್ಪ ಸುಮ್ಮನಿರುವುದು ಭರತ ತುಂಬಿ ನಿಂತಾಗ ಮಾತ್ರ. ಆಗ ಗೂಟಗಳೆಲ್ಲ ಮುಳುಗಿರುತ್ತವೆ, ಒಂದು ಗೇಣಿನಷ್ಟು ಕೆಳಗೆ. ಮೈನಿನ ಸಮೇತ.

ಹೊದಿಕೆ ಹೊರಗೆ ಕಟ್ಟಿ ಮಳೆನೀರು ಹಿಡಿದೆವು. ರಾತ್ರಿ ಚೆನ್ನಾಗಿ ಮಳೆ ಬಂತು. ಮಳೆಗೆ ಇಷ್ಟು ಖುಷಿಪಟ್ಟದ್ದು ನೆನಪಿಲ್ಲ.

೩೧ ಅಕ್ಟೋಬರ್, ಮಂಗಳವಾರ

ಮಾಯ್ಕೆಯ ಕಾಲು ಊದಿದೆ. ಬೆನ್ನು ನೋವು ಅನ್ನುತ್ತಾಳೆ. ಹೊಟ್ಟೆ ಮುಟ್ಟಿ ನೋಡಿದೆ, ತಲೆ ಇನ್ನೂ ಮೇಲೇ ಇದೆ. ತಾಯಿಯ ಹಾಗೆ ಮಗಳು, ಅದೂ ಇದರಲ್ಲಿ. ಡಾಕ್ಟರ ಮಾತನ್ನು ಇವರು ಈಗ ಎತ್ತುತ್ತಿಲ್ಲ. ಮಿಡಲ್ಬರ್ಗ್‌ನಲ್ಲಿ ದ್ವೀಪದ ಅರ್ಧ ಜನ ತುಂಬಿಕೊಂಡಿದ್ದಾರೆ, ಡಾಕ್ಟರು ಇಲ್ಲಿಗೆ ಹಾರಿ ಬರಬೇಕಷ್ಟೆ.

ಅವಳು ಮಲಗಿದ ಮೇಲೆ ಕಿಟಕಿಯ ಹತ್ತಿರ ಹೇಳಿದೆ. ಪಿಸುಮಾತಿನಲ್ಲಿ.

"ನಾನು ಬೇಡಿಕೊಳ್ತಿಲ್ಲ. ಹೇಳ್ತಿದ್ದೀನಿ. ಕ್ರೀನಾ ಬರದಿದ್ರೆ ಇವಳು ಉಳಿಯಲ್ಲ."

"ನಾನು ಹೋಗಿ ಕೇಳಿದ್ರೆ ಅವನು, ನಿನ್ನ ಪಾದ್ರಿನ ಕರ್ಕೋ ಹೋಗು ಅಂತಾನೆ."

"ಅನ್ಲಿ. ಕೇಳಿಸ್ಕೊಳ್ಳಿ. ಕಿವಿ ಇರೋದು ಯಾಕೆ?"

"ಅವನ ಗೂಟದ ಸಾಲು ನನಗೆ ಗೊತ್ತಿಲ್ಲ, ನೇಲೆ." ದನಿ ಬೇರೆಯಾಗಿತ್ತು. "ನನ್ನ ಸಾಲಿನ ಕೊನೆ ತನಕ ಕಣ್ಣು ಮುಚ್ಚಿ ಹೋಗ್ತೀನಿ. ಆಮೇಲೆ ಅವನದು. ಎಲ್ಲಿ ನೆಟ್ಟಿದ್ದಾನೋ ಅವನಿಗೇ ಗೊತ್ತು."

ಆಗ ತಿಳಿಯಿತು, ಇವರು ಇದನ್ನು ಬಹಳ ದಿನದಿಂದ ಲೆಕ್ಕ ಹಾಕುತ್ತಿದ್ದಾರೆ. ಸುಮ್ಮನೆ ಕೂತವರಲ್ಲ. ನನಗೆ ಅಳು ಬಂತು.

೧ ನವೆಂಬರ್, ಬುಧವಾರ

ಬೆಳಗಿನ ಜಾವದಿಂದ ಫಿರಂಗಿ. ಫ್ಲಿಸಿಂಗನ್ ಕಡೆ ಆಕಾಶ ಕೆಂಪು. ವೆಸ್ಟ್‌ಕಪೆಲ್ಲೆಯ ಕಡೆಯೂ ಸದ್ದು, ಅಲ್ಲಿ ಹಡಗುಗಳಿಂದ ಹೊಡೆಯುತ್ತಿರಬೇಕು. ಬಂದರು, ಕೊನೆಗೂ ಇಂಗ್ಲಿಷರು ಬಂದರು. ಹೆಂಚು ಎರಡು ಹಾರಿಹೋದವು. ಮಾಯ್ಕೆ ಪ್ರತಿ ಸದ್ದಿಗೂ ಹೊಟ್ಟೆ ಹಿಡಿದುಕೊಳ್ಳುತ್ತಾಳೆ. ಪ್ರಾರ್ಥನೆ ಮಾಡಿದೆವು. ಇವರದು ಯಾವಾಗಲೂ ಉದ್ದ. ಇವತ್ತು ಎರಡೇ ಮಾತು.

೨ ನವೆಂಬರ್, ಬೆಳಗ್ಗೆ

ನೋವು ಶುರುವಾಗಿದೆ. ನೀರು ಒಡೆಯಿತು. ಭರತ ತುಂಬುವುದು ಮಧ್ಯಾಹ್ನ. ಇವರು ಗುಂಡಗಿನ ಅಜ್ಜನ ಕಟ್ಟು ಬಿಚ್ಚುತ್ತಿದ್ದಾರೆ.

೩ ನವೆಂಬರ್, ಶುಕ್ರವಾರ

ಈಗ ಕೂತು ಬರೆಯಬಹುದು. ಬರೆದಿಡಬೇಕು. ಮರೆಯಬಾರದು.

ನಿನ್ನೆ ಮಧ್ಯಾಹ್ನ ಇವರು ತೊಟ್ಟಿಯಲ್ಲಿ ಮಂಡಿಯೂರಿ ಕೂತು, ಹುಟ್ಟಿನ ಬದಲು ಸಲಿಕೆ ಹಿಡಿದು ಹೊರಟರು. ಚರ್ಚಿಗೆ ಹೋಗುವ ಕರಿ ಕೋಟು ಹಾಕಿಕೊಂಡಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ. ನನ್ನ ಒಂದು ಕೈ ಮಾಯ್ಕೆಯ ಬೆನ್ನ ಮೇಲೆ, ಕಣ್ಣು ಕಿಟಕಿಯ ಹೊರಗೆ. ನೀರು ತುಂಬಿ ನಿಂತಿತ್ತು. ನೆಟ್ಟಗೆ ಹೋಗುವರು, ನಿಲ್ಲುವರು, ಹಿಂದೆ ತಿರುಗಿ ನಮ್ಮ ಹೊಗೆಗೂಡು ನೋಡಿ ಅಂದಾಜು ಹಾಕುವರು, ಎಡಕ್ಕೆ ಹೊರಳುವರು, ಮತ್ತೆ ನೆಟ್ಟಗೆ. ತಮ್ಮ ಸಾಲುಗಳ ನಡುವೆ, ಉತ್ತ ಹೊಲದಲ್ಲಿ ನಡೆದ ಹಾಗೆ. ನಡುನೀರಿನಲ್ಲಿ ನಿಂತುಬಿಟ್ಟರು. ಅಲ್ಲಿಗೆ ಇವರ ಗೂಟ ಮುಗಿದವು.

ಎದ್ದು ನಿಂತರು. ತೊಟ್ಟಿ ಓಲಾಡಿತು. ಕೂಗಿದರು: "ಮರಿನಸ್!"

ಆಗಸ್ಟಿನಿಂದ ಆ ಹೆಸರು ಇವರ ಬಾಯಲ್ಲಿ ಬಂದಿರಲಿಲ್ಲ. ಫಿರಂಗಿ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ಇನ್ನೊಂದು ಸಲ. ಮತ್ತೊಂದು ಸಲ, ಗಂಟಲು ಬಿರಿಯುವ ಹಾಗೆ.

ದಿಬ್ಬದ ಮೇಲೆ ಬಾಗಿಲು ತೆರೆಯಿತು. ಮರಿನಸ್ ಓಡಿ ಬಂದ, ಬಾತುಕೋಳಿ ಬೇಟೆಗೆ ಹೋಗುವ ಚಪ್ಪಟೆ ದೋಣಿ ತಳ್ಳಿದ. ಅವನು ಬಂದ ದಾರಿಯನ್ನು ಏನು ಹೇಳಲಿ. ಆ ಕಡೆ, ಈ ಕಡೆ, ಒಂದು ಕಡೆ ಸುತ್ತು ಹಾಕಿ ಹಿಂದಕ್ಕೇ ಹೋದ. ಕೊನೆಗೆ ಇಬ್ಬರೂ ಎದುರು ಬದುರು ನಿಂತರು. ಅಲ್ಲಿ ಆಡಿದ ಮಾತು ಆಮೇಲೆ ಮರಿನಸ್ ಹೇಳಿದ, ಇವರು ಇಲ್ಲ ಅನ್ನಲಿಲ್ಲ.

ಇವರು ಹೇಳಿದರಂತೆ: "ನಿನ್ನ ಹೆಂಡತಿ ಬೇಕು."

"ನಿನಗೊಬ್ಬಳು ಇದ್ದಾಳಲ್ಲ, ಅಣ್ಣ."

"ಮಾಯ್ಕೆಗೆ ನೋವು ಬಂದಿದೆ. ಕೂಸಿನ ತಲೆ ಮೇಲಿದೆ."

"ಅವಳು ಹತ್ತು ದಿನದಿಂದ ಚೀಲ ಕಟ್ಟಿಟ್ಕೊಂಡು ಕೂತಿದ್ದಾಳೆ. ದಾರಿ ಇರ್ಲಿಲ್ಲ. ನಿನ್ನ ಅರ್ಧ ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಕರೆಯೋ ತನಕ ಕಾಯ್ತಿದ್ನಾ?"

ಇವರು ತೊಟ್ಟಿಯಿಂದ ದೋಣಿಗೆ ದಾಟಿದರಂತೆ. ಅದು ಕಿಟಕಿಯಿಂದ ನನಗೂ ಕಂಡಿತು. ಮರಿನಸ್ ಕೈ ಚಾಚಿದ, 'ಇವರು ಹಿಡಿಯುತ್ತಾರಾ' ಅಂತ ನಾನು ನೋಡುತ್ತಿದ್ದೆ. ಹಿಡಿದರು. ದಿಬ್ಬಕ್ಕೆ ಹೋದರು, ಕ್ರೀನಾ ಚೀಲ ಹಿಡಿದು ಹತ್ತಿದಳು, ಬಿಳಿ ಟೋಪಿ ಬಿಗಿಯಾಗಿ ಕಟ್ಟಿಕೊಂಡು. ವಾಪಸ್ಸು ಅದೇ ಹುಚ್ಚು ದಾರಿ. ಮರಿನಸ್ ಮುಂದೆ ಕೂತು ದಾರಿ ಹೇಳುತ್ತಿದ್ದ, ಇವರು ಹುಟ್ಟು ಹಾಕುತ್ತಿದ್ದರು. ನಡುನೀರಿಗೆ ಬಂದಾಗ ಇಬ್ಬರೂ ಜಾಗ ಬದಲಿಸಿದರು. ಆಮೇಲೆ ಇವರು ಹೇಳುವುದು, ಅವನು ಹುಟ್ಟು ಹಾಕುವುದು.

ಆ ಹೊತ್ತಿಗೆ ಬಿಟ್ಟ ತೊಟ್ಟಿ ತೇಲುತ್ತ ತೇಲುತ್ತ ಮರಿನಸ್‌ನ ಸಾಲಿನ ಕಡೆ ಹೋಯಿತು. ಡಮ್ಮೆಂದು ನೀರಿನ ಕಂಬವೇ ಎದ್ದಿತು. ಮರದ ಚೂರು ನಮ್ಮ ಹೆಂಚಿನ ತನಕ. ಮಾಯ್ಕೆ ಕಿರುಚಿದಳು, ನಾನು ಅವಳ ಮೇಲೆ ಬಿದ್ದೆ. ಎದ್ದು ನೋಡಿದರೆ ದೋಣಿ ಓಲಾಡುತ್ತಿದೆ, ಅದರಲ್ಲಿ ಮೂವರೂ ಇದ್ದಾರೆ. ತಲೆಯಿಂದ ಕಾಲಿನ ತನಕ ಒದ್ದೆ.

ಇವರು ಅಂದದ್ದು ನಮ್ಮ ಕಿಟಕಿಯ ತನಕ ಕೇಳಿಸಿತು: "ಇನ್ನು ಹಂದಿ ಯಾವುದರಲ್ಲಿ ಅದ್ದೋದು?"

"ಹಂದಿನೇ ಇಲ್ವಲ್ಲ, ಅಣ್ಣ. ಎಡಕ್ಕಾ ಬಲಕ್ಕಾ ಹೇಳು."

ಕ್ರೀನಾ ಏಣಿ ಹತ್ತಿ ಬಂದವಳೇ ಟೋಪಿ ಹಿಂಡಿದಳು, ಕೈ ತೊಳೆದಳು, ಗಂಡಸರಿಬ್ಬರನ್ನೂ ಮೆಟ್ಟಿಲಿಗೆ ಅಟ್ಟಿದಳು. "ಕೆಳಗೆ ನೀರಿದೆ," ಅಂದರು ಇವರು. "ನೀರಲ್ಲಿ ನಿಂತ್ಕೊಳ್ಳಿ ಭಾವ, ಏನೂ ಕರಗಲ್ಲ," ಅಂದಳು.

ಆಮೇಲಿನದು ಎಲ್ಲ ಬರೆಯಲಾರೆ. ಕಾಲು ಮುಂದಾಗಿ ಬಂತು. ಭುಜ ಸಿಕ್ಕಿಕೊಂಡಿತು. ಮಾಯ್ಕೆಯ ತುಟಿ ಬಿಳಿಚಿಕೊಂಡು ಕಣ್ಣು ಮೇಲೆ ಹೋಯಿತು. ಕ್ರೀನಾ ಬೆರಳಿನಿಂದ ಒಂದು ತೋಳು ಬಿಡಿಸಿ, ಇನ್ನೊಂದು ಬಿಡಿಸಿ, ತಲೆಗೆ ದಾರಿ ಮಾಡಿದಳು. ಒಂದು ಕ್ಷಣವೂ ದನಿ ಏರಿಸಲಿಲ್ಲ. "ಬಾ ಪುಟ್ಟಾ, ಬಾ ಕಂದಾ, ಹೊರಗೆ ಎಲ್ಲ ಒದ್ದೆ, ಆದ್ರೂ ಬಾ," ಅನ್ನುತ್ತಿದ್ದಳು. ನೀಲಿಯಾಗಿ ಬಂತು. ಬೆನ್ನು ತಟ್ಟಿದಳು. ಮತ್ತೆ ತಟ್ಟಿದಳು. ಮೂಗಿಗೆ ಬಾಯಿಟ್ಟು ಹೀರಿ ಉಗಿದಳು. ಅತ್ತಿತು.

ಹೆಣ್ಣು. ಪದ್ಧತಿಯಂತೆ ಮೊದಲ ಹೆಣ್ಣಿಗೆ ತಾಯಿಯ ತಾಯಿಯ ಹೆಸರು. ಅಂದರೆ ನನ್ನದು. ಇನ್ನೊಬ್ಬಳು ನೀಲ್ತ್ಯೆ, ಮನೆಯಲ್ಲಿ ಇನ್ನೊಬ್ಬಳು ನೇಲೆ.

ಏಣಿಯಿಂದ ಕೆಳಗೆ ಬಗ್ಗಿ ನೋಡಿದೆ, ಹೇಳೋಣ ಅಂತ. ಇಬ್ಬರೂ ಸೊಂಟದ ತನಕ ನೀರಿನಲ್ಲಿ ಒಂದೇ ಮೆಟ್ಟಿಲ ಮೇಲೆ ಕೂತಿದ್ದರು. ಮರಿನಸ್‌ನ ಹಲ್ಲು ಚಳಿಗೆ ಕಟಕಟ ಅನ್ನುತ್ತಿತ್ತು. ಇವರು ಕೋಟು ಬಿಚ್ಚಿ ಅವನಿಗೆ ಹೊದಿಸಿದ್ದರು. ಅದೂ ಒದ್ದೆಯೇ, ಏನು ಉಪಯೋಗವೋ.

ಮಾಯ್ಕೆ ಬದುಕಿದ್ದಾಳೆ. ಕೂಸು ಹಾಲು ಕುಡಿಯುತ್ತಿದೆ. ದೇವರೇ, ಬೇರೆ ಮಾತು ಬರುತ್ತಿಲ್ಲ.

೧೦ ನವೆಂಬರ್, ಶುಕ್ರವಾರ

ಮುಗಿಯಿತು. ಜರ್ಮನರು ಮಿಡಲ್ಬರ್ಗ್‌ನಲ್ಲಿ ಕೈಯೆತ್ತಿದರು, ಸೋಮವಾರ. ಇಂಗ್ಲಿಷರು ನೀರಿನಲ್ಲೂ ನೆಲದಲ್ಲೂ ಓಡುವ ಗಾಡಿಗಳಲ್ಲಿ ಬಂದರಂತೆ, ಜರ್ಮನರು ಅವನ್ನು ನೋಡಿ ಟ್ಯಾಂಕು ಅಂದುಕೊಂಡು ಶರಣಾದರಂತೆ. ನಾವೀಗ ದಿಬ್ಬದ ಮೇಲೆ, ಮರಿನಸ್‌ನ ಮನೆಯಲ್ಲಿ. ಫ್ಲಿಸಿಂಗನ್‌ನಿಂದ ಓಡಿ ಬಂದ ಎರಡು ಕುಟುಂಬವೂ ಇಲ್ಲೇ. ನಮಗೆ ನೆಲಮಾಳಿಗೆಯ ಮೇಲಿನ ಕೋಣೆ. ನೆಲ ಒಣಗಿದೆ. ಹಗಲೆಲ್ಲ ಅದರ ಮೇಲೆ ಬರಿಗಾಲಲ್ಲಿ ಓಡಾಡುತ್ತೇನೆ.

ನಿನ್ನೆ ಒಬ್ಬ ಸೈನಿಕ ಬಂದಿದ್ದ, ಕೆಂಪು ಮೀಸೆ, ಮಾತು ಅರ್ಥವಾಗಲಿಲ್ಲ. ಕೂಸನ್ನು ನೋಡಿ ಹಾಲಿನ ಡಬ್ಬ ಕೊಟ್ಟ. ಆಮೇಲೆ ಹೊರಗೆ ನೀರು ನೋಡಿದ. ಸತ್ತ ಹಣ್ಣಿನ ಮರ, ತೇಲುವ ಕುರಿ. ತಲೆ ಕೆಳಗೆ ಹಾಕಿದ. ನಾನು ಅವನ ಕೈ ಹಿಡಿದು ಕೃತಜ್ಞತೆ ಹೇಳಿದೆ, ಮನಸ್ಸಿನಿಂದಲೇ. ಇವರಿಗೆ ಹೇಳಲಾಗಲಿಲ್ಲ. ಹಿತ್ತಿಲಿಗೆ ಹೋಗಿ ನಿಂತರು. ಒಡ್ಡು ಒಡೆದವರೂ ಅವರೇ, ಬಿಡಿಸಿದವರೂ ಅವರೇ. ಎರಡನ್ನೂ ಒಟ್ಟಿಗೆ ನುಂಗಲು ಇವರಿಗೆ ಸಮಯ ಬೇಕು.

೨೯ ನವೆಂಬರ್, ಬುಧವಾರ

ಆಂಟ್ವರ್ಪ್‌ಗೆ ಹಡಗುಗಳು ಮುಟ್ಟಿದವು. ರೇಡಿಯೊ ಈಗ ಅಡುಗೆಮನೆಯ ಮೇಜಿನ ಮೇಲೆ, ರಾಜಾರೋಷವಾಗಿ. ಅಣ್ಣ ತಮ್ಮ ಎರಡು ಕಡೆ ಕೂತು ಕೇಳಿದರು. ಮೊದಲಾಗಿದ್ದರೆ ಬೆನ್ನು ತಟ್ಟಿಕೊಳ್ಳುತ್ತಿದ್ದರು.

"ಒಳ್ಳೇದಾಯ್ತು," ಅಂದರು ಇವರು.

"ಒಳ್ಳೇದಾಯ್ತು," ಅಂದ ಮರಿನಸ್.

ಹೀಗೇ ಇದೆ. ಉಪ್ಪು ಕೊಡು, ಬಾಗಿಲು ಹಾಕು, ಹಸುವಿನ ಕಾಲು ಹೇಗಿದೆ. ಇಬ್ಬರೂ ನೆಂಟರ ಮನೆಯಲ್ಲಿ ಇರುವ ಹಾಗೆ ಇದ್ದಾರೆ. ಆ ಒಂದು ವಿಷಯದ ಹತ್ತಿರ ಬಂದರೆ ಇಬ್ಬರೂ ಸುತ್ತಿಕೊಂಡು ಹೋಗುತ್ತಾರೆ, ನೀರಡಿಯ ಗೂಟ ಕಂಡವರ ಹಾಗೆ. ಕೂಸಿಗೆ ದೀಕ್ಷಾಸ್ನಾನ ಆಗಬೇಕು, ತಡವಾಯಿತು. ಇವರು ಕೊನೆಗೆ ನನ್ನ ಕಡೆ ನೋಡಿ, ಮರಿನಸ್‌ಗೆ ಕೇಳುವಷ್ಟು ಜೋರಾಗಿ ಹೇಳಿದರು: "ಭಾನುವಾರ. ಮಿಡಲ್ಬರ್ಗ್‌ನಲ್ಲಿ. ನಮ್ಮ ಚರ್ಚಲ್ಲಿ."

ಮರಿನಸ್ ಎದ್ದು ದೋಣಿಗೆ ಡಾಂಬರು ಬಳಿಯಲು ಹೋದ. ಕ್ರೀನಾ ನನ್ನ ಮುಖ ನೋಡಿದಳು. ಕೂಸನ್ನು ಈ ಲೋಕಕ್ಕೆ ತಂದವಳು ಅವಳು, ಅದರ ದೀಕ್ಷಾಸ್ನಾನಕ್ಕೆ ಅವಳಿಗೆ ಜಾಗವಿಲ್ಲ. ಇವರ ಮೇಲೆ ಸಿಟ್ಟು ಬಂತು. ಇವತ್ತು ಕೃತಜ್ಞತೆ ಬರೆಯುವುದಿಲ್ಲ.

೩ ಡಿಸೆಂಬರ್, ಭಾನುವಾರ, ಸಂಜೆ

ಮರಿನಸ್ ದೋಣಿಯಲ್ಲಿ ಕರೆದುಕೊಂಡು ಹೋದ. ನಾನು ಕ್ರೀನಾಳ ಕೈ ಬಿಡಲಿಲ್ಲ, ಎಳೆದುಕೊಂಡೇ ಒಳಗೆ ಹೋಗಿ ನನ್ನ ಪಕ್ಕ ಕೂರಿಸಿದೆ. ಇವರು ತಡೆಯಲಿಲ್ಲ. ಮರಿನಸ್ ದೋಣಿ ಕಾಯುತ್ತೇನೆ ಅಂದ.

ಚರ್ಚು ಕಿಕ್ಕಿರಿದಿತ್ತು. ಗಾಜಿಲ್ಲದ ಕಿಟಕಿ, ಹಲಗೆ ಹೊಡೆದಿದ್ದರು. ಮಾಯ್ಕೆ ಕೂಸನ್ನು ಎತ್ತಿಕೊಂಡು ಮುಂದೆ ನಿಂತಳು. ಪಕ್ಕದಲ್ಲಿ ಪೌಲಸ್ ನಿಲ್ಲಬೇಕಾದ ಜಾಗದಲ್ಲಿ ಇವರು. ಗಂಡ ಇಲ್ಲದ ಕಡೆ ಉತ್ತರ ಕೊಡಬೇಕಾದವರು ಇವರೇ. ಪಾದ್ರಿ ಪ್ರಶ್ನೆ ಓದಿದರು. ಈ ಕೂಸು ಪಾಪದಲ್ಲಿ ಹುಟ್ಟಿದ್ದರೂ ಕ್ರಿಸ್ತನವಳೇ, ಸಭೆಗೆ ಸೇರಿದವಳೇ, ಒಪ್ಪುವಿರಾ ಅಂತ. ಯಾವ ಪ್ರಶ್ನೆಯ ಮೇಲೆ ಇಡೀ ಊರು ಎರಡಾಯಿತೋ ಅದೇ ಪ್ರಶ್ನೆ. ಇವರು ಅದಕ್ಕೆ ಹೌದು ಅನ್ನಲು ಆಗಸ್ಟಿನಿಂದ ಕಾದಿದ್ದವರು.

ಇವರ ಬಾಯಿ ತೆರೆಯಿತು. ದನಿ ಬರಲಿಲ್ಲ.

ಕೂಸನ್ನು ನೋಡುತ್ತಿದ್ದರು. ಅದರ ಪುಟ್ಟ ಕೈ ಹೊದಿಕೆಯಿಂದ ಹೊರಗೆ ಬಂದಿತ್ತು. ಇವರ ಗಲ್ಲ ನಡುಗುವುದು ನನಗೆ ಕಂಡಿತು. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಇವರ ಮೂರು ಮಕ್ಕಳನ್ನು ಮಣ್ಣು ಮಾಡಿದಾಗಲೂ ಈ ಗಲ್ಲ ನಡುಗಿರಲಿಲ್ಲ. ಪಾದ್ರಿ ಕಾದರು. ಯಾರೋ ಕೆಮ್ಮಿದರು. ಮಾಯ್ಕೆ ಅಪ್ಪನ ತೋಳು ಹಿಡಿದಳು, ಅವಳೂ ಅಳುತ್ತಿದ್ದಳು.

ಹಿಂದೆ, ಬಾಗಿಲ ಹತ್ತಿರದ ಕೊನೆಯ ಬೆಂಚಿನಿಂದ ಯಾರೋ ಗಟ್ಟಿಯಾಗಿ ಹೇಳಿದರು.

"ಹೌದು."

ಎಲ್ಲರೂ ತಿರುಗಿದರು. ಮರಿನಸ್ ನಿಂತಿದ್ದ. ಕೋಟಿನ ತೋಳಿಗೆ ಡಾಂಬರು. ಆ ಸಭೆಯಿಂದ ಅವನ ಹೆಸರು ತೆಗೆದುಹಾಕಿ ಮೂರು ತಿಂಗಳಾಗಿತ್ತು. ಪಾದ್ರಿ ಇವರ ಮುಖ ನೋಡಿದರು. ಇವರು ಹಿಂದೆ ತಿರುಗಲಿಲ್ಲ. ತಲೆ ಮಾತ್ರ ಆಡಿಸಿದರು. ಪಾದ್ರಿ ನೀರಿಗೆ ಕೈ ಹಾಕಿದರು.

ಹೊರಗೆ ಮೆಟ್ಟಿಲ ಮೇಲೆ ಇವರು ನೇರ ಅವನ ಹತ್ತಿರ ಹೋದರು. ನಾನೂ ಕ್ರೀನಾಳೂ ಹಿಂದೆಯೇ ಹೋದೆವು.

"ನಿನ್ನನ್ನ ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ, ಅಣ್ಣ. ನಿನ್ನ ಗಂಟಲು ಕಟ್ತು. ಕೂಸು ಕಾಯ್ತಾ ಇತ್ತು."

"ಹಾಗಂತ ನೀನು ಹೇಳೋದು ಸರಿ ಅಂತ ಆಗಲ್ಲ."

"ನೀನು ಹೇಳೋದು ಸರಿ ಅಂತಾನೂ ಆಗಲ್ಲ."

"ಸರಿ ಹಾಗಾದ್ರೆ. ಹೌದು ಅಂದೆಯಲ್ಲ, ಏನಂದ್ಕೊಂಡು ಅಂದೆ? ಹೇಳು."

ದೋಣಿ ಹತ್ತಿದಾಗ ಶುರುವಾದದ್ದು. ಮೂರು ತಿಂಗಳಿಂದ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. ಇವರು ವಾಕ್ಯ ಹೇಳುವರು, ಅವನು ಎದುರು ವಾಕ್ಯ ಹೇಳುವನು. ಹುಟ್ಟು ಹಾಕುವುದನ್ನೇ ನಿಲ್ಲಿಸಿ ಬೆರಳು ಎತ್ತಿ ವಾದ. "ಹುಟ್ಟು ಹಾಕ್ರೋ, ಗೂಟ ಇದೆ!" ಅಂತ ಕ್ರೀನಾ ಗದರಿಸಿದಳು. ಮಾಯ್ಕೆ ಕೂಸಿಗೆ ಹಾಲು ಕೊಡುತ್ತ ನಗುತ್ತಿದ್ದಳು. ಎಷ್ಟು ದಿನವಾಗಿತ್ತು ಅವಳು ಹಲ್ಲು ಕಾಣುವಂತೆ ನಕ್ಕು.

ಈಗ ಕತ್ತಲಾಗಿದೆ. ಊಟವಾಯಿತು. ಅಡುಗೆಮನೆಯಲ್ಲಿ ಇನ್ನೂ ನಡೆಯುತ್ತಿದೆ. ಇವರು ಮೇಜು ಗುದ್ದಿದರು. "ಅಣ್ಣ, ಮೊದಲು ನಾನು ಹೇಳೋದು ಪೂರ್ತಿ ಕೇಳು," ಅನ್ನುತ್ತಿದ್ದಾನೆ ಅವನು. "ಕೇಳ್ತಾನೇ ಇದ್ದೀನಲ್ಲ, ಬೆಳಗಿಂದ ಬೇರೆ ಏನು ಮಾಡ್ತಿದ್ದೀನಿ," ಅನ್ನುತ್ತಿದ್ದಾರೆ ಇವರು. ಕೂಸು ಎದ್ದೀತು. ಹೋಗಿ, ಸಾಕು ಮಲಗಿ ಅನ್ನಬೇಕು. ನಾಳೆ ಅನ್ನುತ್ತೇನೆ. ದೇವರೇ, ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಲಿ.